ನನ್ನ ಪಾಲಿಗೆ ಬಂದ ಏರಿ

ಅಪ್ಪ ತೀರಿಕೊಂಡ ಮರುವರ್ಷ ನಮ್ಮ ಮನೆಯಲ್ಲಿ ಆಸ್ತಿ ಭಾಗವಾಯಿತು. ಭಾಗ ಎಂದರೆ ಅಣ್ಣ ಮಾತಾಡಿದ, ನಾನು ಕೇಳಿಸಿಕೊಂಡೆ. ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕು ಎಂದು ಕಾನೂನು ಹೇಳುತ್ತದೆ. ಯಾವ ಪಾಲು ಎಂಬುದನ್ನು ಅಣ್ಣಂದಿರ ಒಳ್ಳೆಯತನಕ್ಕೆ ಬಿಟ್ಟಿದೆ. ಕೆಂಗೇರಿ ದಾಟಿ ಒಂದಷ್ಟು ಒಳಗಿರುವ ನಮ್ಮೂರಿನಲ್ಲಿ ರಸ್ತೆಗೆ ಮುಖ ಮಾಡಿದ ಹೊಲ ಅವನಿಗೆ ಹೋಯಿತು, ಮನೆ ಅವನಿಗೆ ಹೋಯಿತು, ತೆಂಗಿನ ತೋಟವೂ ಅವನಿಗೇ ಹೋಯಿತು. ನನಗೆ ಏರಿ ಬಂತು.

"ಅಪ್ಪ ಮುಂದೆ ನಿಂತು ಕಟ್ಟಿಸಿದ್ದು ಕಣೇ. ಸೆಂಟಿಮೆಂಟ್ ಇರೋದನ್ನ ನಿನಗೇ ಕೊಡ್ಬೇಕು ಅಂತ ನಿಮ್ಮತ್ತಿಗೆನೇ ಹೇಳಿದ್ಲು," ಎಂದ ಅಣ್ಣ, ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು.

"ಅಣ್ಣ, ಅದು ಬರೀ ಮಣ್ಣಿನ ದಿಬ್ಬ ಅಲ್ವಾ?"

"ಮಣ್ಣು ಅಂತ ಸಸಾರ ಮಾಡ್ಬೇಡ. ಬೆಂಗಳೂರಲ್ಲಿ ಈಗ ಒಂದು ಲೋಡ್ ಮಣ್ಣು ಸಿಗೋದೂ ಕಷ್ಟ."

ಪಹಣಿಯಲ್ಲಿ ನನ್ನ ಜಾಗದ ಮುಂದೆ "ಖರಾಬು" ಎಂದು ಬರೆದಿತ್ತು. ಉಳುಮೆಗೆ ಬಾರದ ನೆಲಕ್ಕೆ ಕಂದಾಯದವರು ಇಟ್ಟ ಹೆಸರದು. ಅಣ್ಣ ಮಾತನಾಡಿದ ರೀತಿಗೆ ಅದು ಬಾಂಧವ್ಯದ ಸ್ಮಾರಕದಂತೆ ಕೇಳಿಸಿತ್ತು. ನಾನು ಸಹಿ ಹಾಕಿದೆ.

ಏರಿ ಎಂದ ಕೂಡಲೇ ಕೆರೆ ಎಂದುಕೊಳ್ಳಬೇಡಿ. ಅಲ್ಲಿ ಕೆರೆ ಇಲ್ಲ. ಮೇಲಿನ ಗುಡ್ಡದಿಂದ ಒಂದು ಹಳ್ಳ ಇಳಿಯುತ್ತದೆ. ವರ್ಷದ ಬಹುಪಾಲು ಅದು ಒಣಗಿ ಬಿದ್ದಿರುತ್ತದೆ, ಮಳೆಗಾಲದ ಒಂದೆರಡು ಸಂಜೆ ಮಾತ್ರ ಹುಚ್ಚು ಹಿಡಿದವರ ಹಾಗೆ ಹರಿಯುತ್ತದೆ. ಹಿಂದೆ ಅದು ಕೆಳಗಿನ ರಾಗಿ ಹೊಲಗಳನ್ನು ಪೈರಿನ ಸಮೇತ ಎತ್ತಿಕೊಂಡು ಹೋಗುತ್ತಿತ್ತಂತೆ. ಅಪ್ಪ ತಮ್ಮ ಹರೆಯದಲ್ಲಿ, ಸ್ವಂತ ಜಮೀನಿನಲ್ಲಿ, ಅಕ್ಕಪಕ್ಕದ ಮನೆಯವರನ್ನು ಕಟ್ಟಿಕೊಂಡು ಎರಡು ಬೇಸಿಗೆ ಮಣ್ಣು ಹೊರಿಸಿ ಹಳ್ಳಕ್ಕೆ ಅಡ್ಡವಾಗಿ ಈ ಏರಿ ಕಟ್ಟಿಸಿದರು. ಅದು ಇನ್ನೂರು ಹೆಜ್ಜೆ ಉದ್ದವಿದೆ, ನಡುವೆ ಎರಡಾಳು ಎತ್ತರ. ಜೋರು ಮಳೆ ಬಂದರೆ ನೀರು ಇದರ ಹಿಂದೆ ಒಂದು ದಿನ ನಿಂತು, ತಳದ ತೂಬಿನಿಂದ ನಿಧಾನವಾಗಿ ಹೊರಗೆ ಹೋಗುತ್ತದೆ. ತೂಬಿಗೆ ಮೀರಿದ ನೀರು ದಾಟಿ ಹೋಗಲೆಂದು ಏರಿಯ ಒಂದು ತುದಿಯಲ್ಲಿ ತಗ್ಗಾದ, ಅಗಲವಾದ ದಾರಿ ಬಿಟ್ಟಿದ್ದರು. ಅದಕ್ಕೆ ಕೋಡಿ ಎನ್ನುತ್ತಾರೆ. ಇಷ್ಟೇ ಅದರ ವಿದ್ಯೆ.

ಕೆಳಗೆ ಈಗ ರಾಗಿ ಹೊಲಗಳಿಲ್ಲ, ಲೇಔಟ್ ಇದೆ. ಅಪ್ಪ ಹಾಸಿಗೆ ಹಿಡಿದಿದ್ದಾಗಲೇ ಅಣ್ಣ ಆ ಹೊಲಗಳ ಮಾರಾಟವನ್ನು ಮುಗಿಸಿದ್ದ. ಪ್ರವೇಶದ್ವಾರದಲ್ಲಿ ದೊಡ್ಡ ಕಮಾನು, ಅದರ ಮೇಲೆ ಇಂಗ್ಲಿಷಿನಲ್ಲಿ "ಕೆರೆ ನೋಟ" ಎಂಬರ್ಥದ ಹೆಸರು. ಯಾವ ಕಿಟಕಿಯಿಂದ ಇಣುಕಿದರೂ ಕೆರೆ ಕಾಣುವುದಿಲ್ಲ, ನನ್ನ ಏರಿಯ ಬೆನ್ನು ಕಾಣುತ್ತದೆ.

ನನ್ನ ಬಗ್ಗೆ ಒಂದು ಮಾತು. ಮದುವೆಯಾದ ಮೇಲೆ ನಾನು ರಾಜಾಜಿನಗರ ಸೇರಿದವಳು. ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ತಪಾಸಣೆಯ ಕೆಲಸ ಮಾಡಿದೆ. ಒಂದೊಂದೇ ವಾಲ್ವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಬೇಕು. ಗುಳ್ಳೆ ಬಂದರೆ ರಿಜೆಕ್ಟ್, ಬರದಿದ್ದರೆ ಪಾಸ್. ಹೀಗೆ ದಿನವಿಡೀ ಸೋರುವುದನ್ನು ಹುಡುಕುತ್ತ ಕೂತ ಹೆಂಗಸಿಗೆ ಜನರ ಮೇಲೆ ನಂಬಿಕೆ ಕಡಿಮೆಯಾಗುತ್ತದೆ, ತನ್ನ ಮೇಲೆ ಮಾತ್ರ ಜಾಸ್ತಿಯಾಗುತ್ತದೆ. ಅದು ತಪ್ಪೆಂದು ಆಮೇಲೆ ತಿಳಿಯಿತು.

ಪತ್ರ ಕೈಗೆ ಬಂದ ಮೊದಲ ಭಾನುವಾರ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಕೆಂಗೇರಿಯಲ್ಲಿಳಿದು, ಆಟೋ ಹಿಡಿದು ನನ್ನ ಆಸ್ತಿ ನೋಡಲು ಹೋದೆ. ಏರಿಯ ಮೇಲೆ ಎರಡು ಹಸು ಮೇಯುತ್ತಿದ್ದವು. ಅವುಗಳ ಹಿಂದೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕುಡುಗೋಲು ಹಿಡಿದು ನಿಂತಿದ್ದಳು. ಲೇಔಟಿನ ಮನೆಗಳಿಗೆ ಹಾಲು ಕೊಡುವವಳು. ಅವರೆಲ್ಲ ಅವಳನ್ನು ಹಾಲಿನ ಆಂಟಿ ಎನ್ನುತ್ತಿದ್ದರು, ನನಗೆ ಅವಳು ಹಾಲಿನಮ್ಮ. ಅಪ್ಪನ ಕಾಲದಲ್ಲಿ ಅವಳ ಗಂಡನೇ ಏರಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದನಂತೆ.

"ಈಗ ನೀನೇನವ್ವ ಇದರ ಯಜಮಾನಿ?" ಎಂದಳು.

"ಹೌದಮ್ಮ."

"ಹಂಗಾದ್ರೆ ಹೆಗ್ಗಣಗಳೂ ನಿಂದೇಯ. ಬಾ ತೋರ್ಸ್ತೀನಿ."

ಕೈಹಿಡಿದು ಇಳಿಸಿಕೊಂಡು ಹೋಗಿ ಬಿಲಗಳನ್ನು ತೋರಿಸಿದಳು. ಒಂದೊಂದು ನನ್ನ ತೋಳು ಹೋಗುವಷ್ಟು ಅಗಲ. ಏರಿಗೆ ದೊಡ್ಡ ಮಳೆಯಿಂದ ಅಪಾಯ ಕಡಿಮೆ, ಸಣ್ಣ ತೂತಿನಿಂದಲೇ ಹೆಚ್ಚು ಎಂದಳು. ಬಿಲ ಅಗೆದು, ಜೇಡಿ ಮಣ್ಣು ತುಂಬಿ, ಬಿಗಿಯಾಗಿ ದಮ್ಮಸ್ಸು ಮಾಡಬೇಕು. ಹುಲ್ಲು ಇರಬೇಕು, ಗಿಡಮರ ಇರಬಾರದು. ಕೆಳಪಕ್ಕದ ಬುಡದಲ್ಲಿ ತಿಳಿ ನೀರು ಜಿನುಗಿದರೆ ಹೆದರಬಾರದು. "ಕೆಂಪು ಬಂತು ಅಂದ್ರೆ ಒಳಗಿನ ಮಣ್ಣು ಕೊಚ್ಕೊಂಡ್ ಬತ್ತಾ ಐತೆ ಅಂತ. ಆಗ ದ್ಯಾವ್ರಿಗೆ ಕೈ ಮುಗೀತಾ ಕುಂತ್ಕಬಾರ್ದು," ಎಂದಳು. ಅಲ್ಲಿಯವರೆಗೆ ನಾನು ಪಡೆದ ಯಾವ ತರಬೇತಿಯೂ ಇಷ್ಟು ಬೇಗ ಮುಗಿದು ಇಷ್ಟು ಸರಿಯಾಗಿ ತಲೆಗೆ ಹೋಗಿರಲಿಲ್ಲ.

ಇಂಥದ್ದನ್ನು ಒಬ್ಬ ಹೆಂಗಸು ಭಾನುವಾರಗಳಲ್ಲಿ ನೋಡಿಕೊಳ್ಳುವುದು ಸರಿಯಲ್ಲ, ಸರ್ಕಾರಕ್ಕೆ ಒಪ್ಪಿಸಿಬಿಡೋಣ ಎಂದು ಕಚೇರಿಗಳಿಗೆ ಅಲೆದೆ. ಮೊದಲನೆಯ ಕಚೇರಿಯವರು, "ನೀರು ನಿಲ್ಲುತ್ತಾ?" ಎಂದು ಕೇಳಿದರು. ಒಂದು ದಿನ ಎಂದೆ. "ಹಾಗಾದ್ರೆ ಅದು ಕೆರೆ ಅಲ್ಲ, ನಮಗೆ ಬರಲ್ಲ." ಎರಡನೆಯವರು, "ಹರಿಯುತ್ತಾ?" ಎಂದರು. ಒಂದೆರಡು ದಿನ ಎಂದೆ. "ಹಾಗಾದ್ರೆ ಕಾಲುವೆ ಅಲ್ಲ." ಮೂರನೆಯ ಕಚೇರಿಯಲ್ಲಿ ಒಬ್ಬ ಎಳೆಯ ಇಂಜಿನಿಯರ್ ನನ್ನನ್ನು ಕೂರಿಸಿ, ನೀರು ತರಿಸಿಕೊಟ್ಟು, ಫೋಟೋಗಳನ್ನೆಲ್ಲ ನೋಡಿದರು.

"ಮೇಡಂ, ನಿಂತಿರೋ ತನಕ ಅದು ನಿಮ್ಮ ಸ್ವಂತದ್ದು. ಒಡೆದ್ರೆ ಮಾತ್ರ ನಾವು ಬಂದೇ ಬರ್ತೀವಿ."

"ರಿಪೇರಿಗಾ ಸಾರ್?"

"ಇನ್‌ಸ್ಪೆಕ್ಷನ್‌ಗೆ."

ಆ ಹುಡುಗನ ಪ್ರಾಮಾಣಿಕತೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಪ್ರತಿ ಭಾನುವಾರ ಹೋಗತೊಡಗಿದೆ. ಹಾಲಿನಮ್ಮ ಬಿಲ ಹುಡುಕುವಳು, ನಾನು ಕೂಲಿಯವರನ್ನು ಕರೆಸಿ ಮುಚ್ಚಿಸುವೆ. ಮನೆಯಲ್ಲಿ ನಮ್ಮ ಯಜಮಾನರು, "ಎಸ್ಟೇಟಿಗೆ ಹೊರಟ್ಯಾ?" ಎಂದು ರೇಗಿಸುವರು. ಹೀಗೆ ಒಂದು ಬೇಸಿಗೆ ಕಳೆಯಿತು. ಜೂನಿನಲ್ಲಿ ಪರಿಸರ ದಿನ ಬಂತು.

ಆ ಭಾನುವಾರ ಹೋಗಿ ನೋಡಿದರೆ ನನ್ನ ಏರಿಯ ತುಂಬ ಗುಂಡಿ ತೋಡಿ ಹೊಂಗೆ, ಅತ್ತಿ, ಆಲದ ಸಸಿಗಳನ್ನು ನೆಟ್ಟಿದ್ದರು. ಹೆಗ್ಗಣಗಳಿಗೆ ವರ್ಷವಿಡೀ ಸಾಧ್ಯವಾಗದ್ದನ್ನು ಲೇಔಟಿನ ನಿವಾಸಿಗಳ ಸಂಘ ಒಂದು ಬೆಳಿಗ್ಗೆ ಸಾಧಿಸಿತ್ತು. ಒಂದೊಂದು ಸಸಿಗೂ ಒಂದೊಂದು ಕುಟುಂಬದ ಹೆಸರಿನ ಫಲಕ. ಫಲಕಗಳು ಸಸಿಗಳಿಗಿಂತ ಎತ್ತರವಾಗಿದ್ದವು.

ಮರದ ಬೇರು ಏರಿಯೊಳಗೆ ಇಳಿಯುತ್ತದೆ, ಮರ ಸತ್ತಾಗ ಬೇರು ಕೊಳೆತು ಒಳಗೆ ಕೊಳವೆಯಾಗುತ್ತದೆ, ನೀರು ಆ ಕೊಳವೆ ಹಿಡಿದು ಬರುತ್ತದೆ. ಇದನ್ನೆಲ್ಲ ಯಾರಿಗೆ ಹೇಳುವುದು? ನಾನೂ ಹಾಲಿನಮ್ಮನೂ ಮಧ್ಯಾಹ್ನದವರೆಗೆ ಒಂದೊಂದೇ ಸಸಿ ಕಿತ್ತು, ಬೇರಿಗೆ ಮಣ್ಣುಂಡೆ ಕಟ್ಟಿ, ಅವರದೇ ಪಾರ್ಕಿನ ನೆರಳಿನಲ್ಲಿ ಸಾಲಾಗಿ ಇಟ್ಟುಬಂದೆವು. ಫಲಕಗಳನ್ನೂ ಜೊತೆಗೇ ಇಟ್ಟೆವು. ಯಾರೋ ಮಹಡಿಯಿಂದ ವಿಡಿಯೋ ಮಾಡಿದ್ದರು. ಸಂಜೆಯೊಳಗೆ ನಾನು ಅವರ ವಾಟ್ಸಾಪ್ ಗುಂಪಿನಲ್ಲಿ ಪರಿಸರದ ಶತ್ರುವಾಗಿ ಪ್ರಸಿದ್ಧಳಾದೆ.

ಮುಂದಿನ ವಾರ ಪಾರ್ಕಿನಲ್ಲಿ ಸಭೆ ಕರೆದು ನನ್ನನ್ನೂ ಕೂರಿಸಿದರು. ಸಂಘದ ಅಧ್ಯಕ್ಷರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ನಿವೃತ್ತಿಯಾದ ಸುದ್ದಿ ಅವರ ದನಿಗೆ ಇನ್ನೂ ತಲುಪಿರಲಿಲ್ಲ.

"ಮೇಡಂ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ. ನಿಮ್ಮ ಆ ಮಣ್ಣಿನ ಗುಡ್ಡೆಯಿಂದ ಯಾರಿಗೇನು ಉಪಯೋಗ? ಮರ ಆದ್ರೆ ನೆರಳಾಗುತ್ತೆ. ಒಂದು ವಾಕಿಂಗ್ ಟ್ರ್ಯಾಕ್ ಆಗುತ್ತೆ."

"ಸಾರ್, ಆ ಗುಡ್ಡೆ ಇಲ್ದಿದ್ರೆ ನೀರು ನೇರ ನಿಮ್ಮ ಮನೆಗಳಿಗೇ ಬರುತ್ತೆ."

"ಯಾವ ನೀರು? ನಾವು ಬಂದು ನಾಲ್ಕು ವರ್ಷ ಆಯ್ತು. ಒಂದು ಸಲನಾದ್ರೂ ನೀರು ಬಂದಿದೆಯೇನ್ರೀ?" ಎಂದು ಸಭೆಯ ಕಡೆ ತಿರುಗಿದರು. ಇಲ್ಲ, ಇಲ್ಲ ಎಂದರು ಎಲ್ಲರೂ. ಏರಿ ಇದ್ದದ್ದರಿಂದಲೇ ಬರಲಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಚಹಾ ಬಂದು ಸಭೆ ಮುಗಿದುಹೋಯಿತು.

ಆಗಸ್ಟಿನಲ್ಲಿ ಅವರು ಕೋಡಿಗೆ ಗೋಡೆ ಕಟ್ಟಿದರು. ಹಾಲಿನಮ್ಮನ ಹಸುಗಳು ಆ ತಗ್ಗಿನಿಂದ ಲೇಔಟಿಗೆ ಇಳಿದು ಸಗಣಿ ಹಾಕುತ್ತಿದ್ದವಂತೆ. ಹಾಲು ಬೇಕು, ಸಗಣಿ ಬೇಡ. ಎದೆಯೆತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು. ನಾನು ಅಧ್ಯಕ್ಷರ ಮನೆಗೆ ಹೋಗಿ ಕೇಳಿದರೆ, "ನಿಮ್ಮ ಬ್ರದರ್ ಪರ್ಮಿಷನ್ ಕೊಟ್ಟಿದಾರೆ," ಎಂದು ಬಾಗಿಲಲ್ಲೇ ಉತ್ತರ ಕೊಟ್ಟರು.

ಅಣ್ಣನ ಬಳಿ ಹೋದೆ. "ಆ ತುದಿ ನನ್ನ ಹೊಲದ ಬದು ಕಣೇ," ಎಂದ. ಏರಿಯ ಹಿಂದೆ, ನೀರು ನಿಲ್ಲಬೇಕಾದ ತಗ್ಗಿನಲ್ಲಿ, ಟಿಪ್ಪರ್‌ಗಳು ಕಟ್ಟಡದ ಅವಶೇಷ ತಂದು ಸುರಿಯುತ್ತಿದ್ದುದರ ಬಗ್ಗೆಯೂ ಕೇಳಿದೆ. "ಹಳ್ಳ ಸಮತಟ್ಟಾದ್ರೆ ನಿನಗೂ ಒಳ್ಳೇದೇ ಅಲ್ವಾ? ಸೈಟ್ ಮಾಡಬಹುದು," ಎಂದ. ಮುಂದಿನ ಮಳೆಯ ನೀರು ಎಲ್ಲಿ ನಿಲ್ಲಬೇಕು ಎಂದೆ. "ಎಲ್ಲಾದ್ರೂ ನಿಲ್ಲುತ್ತೆ ಬಿಡು, ನೀರೇನು ನಮ್ಮನ್ನ ಕೇಳ್ಕೊಂಡು ನಿಲ್ಲುತ್ತಾ?" ಎಂದ ಅಣ್ಣ. ಅತ್ತಿಗೆ ಒಬ್ಬಟ್ಟು ಬಡಿಸಿದಳು. ತಿಂದು ಬಂದೆ.

ಗಡಿ ಗುರುತಿಸಿಕೊಡಿ ಎಂದು ಸರ್ವೆಗೆ ಅರ್ಜಿ ಹಾಕಿದೆ. ಅರ್ಜಿ ಹಾಕಿ ರಸೀದಿ ಇಟ್ಟುಕೊಂಡು ಕೂತೆ. ಇದೇ ಜಾಗದಲ್ಲಿ ನಾನು ನನ್ನನ್ನೂ ಬೈದುಕೊಳ್ಳಬೇಕು. ಎಲ್ಲರ ತಪ್ಪನ್ನೂ ಪಟ್ಟಿ ಮಾಡುವ ಉತ್ಸಾಹದಲ್ಲಿ ಆ ಎರಡು ತಿಂಗಳು ನಾನು ಬಿಲಗಳ ಕಡೆ ಸರಿಯಾಗಿ ನೋಡಲಿಲ್ಲ. ಬುಡದಲ್ಲಿದ್ದ ಒಂದು ದೊಡ್ಡ ಬಿಲವನ್ನು ಕೂಲಿಯವರು ಮೇಲೆ ಮೇಲೆ ಮುಚ್ಚಿ, "ಆಯ್ತು ಅಮ್ಮ," ಎಂದಾಗ, ಕಾಲಿನಿಂದ ಒಮ್ಮೆ ತುಳಿದು ನೋಡಿ, ಸರಿ ಎಂದುಬಿಟ್ಟಿದ್ದೆ.

ಅಕ್ಟೋಬರಿನಲ್ಲಿ ಮೂರು ಸಂಜೆ ಬಿಡದೆ ಮಳೆ ಬಂತು. ನಾಲ್ಕನೆಯ ದಿನ ಬೆಳಗಿನಿಂದಲೇ ಹಿಡಿಯಿತು. ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕುವಾಗ ಹಾಲಿನಮ್ಮನ ಫೋನು ಬಂತು.

"ಅವ್ವ, ನಿನ್ ಏರಿ ಕುತ್ಗೆ ಗಂಟ ತುಂಬೈತೆ. ಬತ್ತೀಯೋ, ಇಲ್ಲ ನಾಳೆ ಪೇಪರ್ನಾಗೆ ನೋಡ್ಕಂತೀಯೋ?"

ತಟ್ಟೆ ಅಲ್ಲೇ ಬಿಟ್ಟು ಹೊರಟೆ. ಕೆಂಗೇರಿಯಲ್ಲಿ ಯಾವ ಆಟೋದವನೂ ಬರಲೊಪ್ಪಲಿಲ್ಲ. ಕೊನೆಗೊಬ್ಬ ಊರ ಮುಂದಿನ ಮೋರಿಯವರೆಗೆ ಬಿಟ್ಟ. ಅಲ್ಲಿಂದ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಏರಿಯ ಮೇಲೆ ಜಾತ್ರೆಯಾಗಿತ್ತು. ಲೇಔಟಿನ ಜನ ಕೊಡೆ ಹಿಡಿದು ಸಾಲಾಗಿ ನಿಂತು, ಬೆನ್ನ ಹಿಂದೆ ನೀರು ಕಾಣುವಂತೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಕೊನೆಗೂ ಅವರ ಕಮಾನಿನ ಮೇಲಿನ ಹೆಸರಿಗೊಂದು ಕೆರೆ ಸಿಕ್ಕಿತ್ತು. ನೀರು ಏರಿಯ ನೆತ್ತಿಗಿಂತ ಮೊಳದಷ್ಟು ಮಾತ್ರ ಕೆಳಗಿತ್ತು. ತಗ್ಗಿನ ಅರ್ಧ ಭಾಗವನ್ನು ಅಣ್ಣ ಸುರಿಸಿದ ಅವಶೇಷ ತುಂಬಿತ್ತು, ಕೋಡಿಯನ್ನು ಇವರ ಗೋಡೆ ಮುಚ್ಚಿತ್ತು. ತೂಬೊಂದೇ ತನ್ನ ಕೈಲಾದಷ್ಟು ಉಗುಳುತ್ತಿತ್ತು.

ಹಾಲಿನಮ್ಮ ಕೆಳಗಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಹತ್ತಿರ ಹೋದೆ. ನಾನು ತುಳಿದು ಸರಿ ಎಂದಿದ್ದ ಅದೇ ಬಿಲದ ಬಾಯಿಂದ ನೀರು ಬರುತ್ತಿತ್ತು. ಅಂಗೈಯಲ್ಲಿ ಹಿಡಿದು ತೋರಿಸಿದಳು. ಕೆಂಪಾಗಿತ್ತು. ಕಾರ್ಖಾನೆಯಲ್ಲಿ ನನ್ನ ಕೈಯಿಂದ ಪಾಸಾಗಿ ಹೋದದ್ದು ಎಂದೂ ವಾಪಸು ಬಂದಿರಲಿಲ್ಲ.

ಮೇಲೆ ಹತ್ತಿ ಬಂದಾಗ ಅಧ್ಯಕ್ಷರು ದೊಡ್ಡ ಕೊಡೆಯ ಕೆಳಗೆ ನಿಂತಿದ್ದರು.

"ಮೇಡಂ, ಈ ಏರಿ ಒಡೆದ್ರೆ ನೀವೇ ರೆಸ್ಪಾನ್ಸಿಬಲ್. ಈಗಲೇ ಹೇಳ್ತಿದೀನಿ."

"ಒಪ್ಪಿದೆ ಸಾರ್. ಅದಕ್ಕೇ ಈಗ ಗೋಡೆ ಒಡೆಸ್ತೀನಿ."

"ಅದು ಹಾಗೆಲ್ಲ ಆಗಲ್ಲ. ಅಸೋಸಿಯೇಷನ್ ಪ್ರಾಪರ್ಟಿ ಅದು. ಜನರಲ್ ಬಾಡಿ ಕರೀಬೇಕು."

"ಕರೀರಿ. ನೀರಿಗೂ ಒಂದು ನೋಟಿಸ್ ಕಳಿಸಿ, ಮೀಟಿಂಗ್ ಮುಗಿಯೋ ತನಕ ಕಾಯಲಿ."

ಪಕ್ಕದ ಸೈಟಿನಲ್ಲಿ ಪಾಯ ತೋಡಲು ತಂದಿದ್ದ ಜೆಸಿಬಿ ನಿಂತಿತ್ತು. ಅದರ ಡ್ರೈವರು ಉತ್ತರ ಕರ್ನಾಟಕದ ಕಡೆಯವನು, ಒಳಗೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಗೋಡೆ ತೋರಿಸಿ ಕೆಡವಬೇಕು ಎಂದೆ.

"ಗ್ವಾಡಿ ಯಾರ್ದ್ರೀ ಅಕ್ಕಾರ?"

"ನಂದೇ," ಎಂದೆ. ಅಳುಕಿಲ್ಲದೆ ಹೇಳಿದ ಸುಳ್ಳು.

ಮೊದಲು ನಡುವೆ ಸ್ವಲ್ಪ ತೆರೆಸಿದೆ, ಆಮೇಲೆ ಎರಡು ಬದಿಗೆ. ನೀರು ಅಪ್ಪ ಬಿಟ್ಟಿದ್ದ ದಾರಿ ಹಿಡಿದು ಲೇಔಟಿನ ಅಂಚಿನ ಹಳೇ ಕಾಲುವೆಗೆ ಇಳಿಯಿತು. ಆ ಕಾಲುವೆ ಇನ್ನೂ ಇತ್ತು, ಒಂದು ಕಡೆ ಬಿಟ್ಟು. ಅಲ್ಲಿ ಅಧ್ಯಕ್ಷರು ತಮ್ಮ ಕಾರು ಇಳಿಸಲು ಅದರ ಮೇಲೆ ಕಾಂಕ್ರೀಟ್ ಹಾಸಿ ನೆಲಮಾಳಿಗೆಗೆ ದಾರಿ ಮಾಡಿಕೊಂಡಿದ್ದರು. ನೀರು ಆ ದಾರಿಯ ಇಳಿಜಾರನ್ನು ಮೆಚ್ಚಿ ಒಳಗೆ ಹೋಯಿತು. ಅಧ್ಯಕ್ಷರು ಕೊಡೆ ಬಿಟ್ಟು ಓಡಿದ್ದನ್ನು ನೋಡಿ ನನಗೆ ಸಂತೋಷವಾಗಲಿಲ್ಲ ಎಂದು ಬರೆದರೆ ಈ ಬರಹಕ್ಕೇ ಮರ್ಯಾದೆ ಇರುವುದಿಲ್ಲ.

ಬುಡದ ಸೋರಿಕೆ ಇನ್ನೂ ಇತ್ತು. ಫೋಟೋ ತೆಗೆಯುತ್ತಿದ್ದವರಿಗೆ ಈಗ ಭಯ ಹತ್ತಿತ್ತು. ಹಾಲಿನಮ್ಮ ಅವರನ್ನು ವಹಿಸಿಕೊಂಡಳು. "ಏ, ಚಡ್ಡಿ ಸ್ವಾಮಿ, ಆ ಮನೆ ಮುಂದ್ಲ ಮರಳು ಮೂಟೇಲಿ ತುಂಬ್ಕಂಡ್ ಬಾ. ಕನ್ನಡಕದೋರೇ, ನೀವು ಜಲ್ಲಿ ತನ್ನಿ." ಒಬ್ಬರು ಬಿಲದ ಬಾಯಿಗೆ ಪ್ಲಾಸ್ಟಿಕ್ ಹಾಳೆ ತುರುಕಲು ಹೋದರು. ಅವಳು ಅವರ ಕೈ ಮೇಲೆ ಹೊಡೆದಳು. "ಮುಚ್ಬ್ಯಾಡಿ! ಮುಚ್ಚಿದ್ರೆ ಇನ್ನೊಂದ್ ಕಡೆ ಕಿತ್ಕಂಡ್ ಬತ್ತದೆ. ಮರಳ್ ಹಾಕಿ, ಮ್ಯಾಲೆ ಜಲ್ಲಿ. ನೀರು ಬರ್ಲಿ, ಮಣ್ಣು ಬರ್ಬಾರ್ದು." ಪದವಿಗಳ ಮೇಲೆ ಪದವಿ ಪಡೆದವರು ಸಾಲು ನಿಂತು ಮೂಟೆ ದಾಟಿಸಿದರು. ನಾನೂ ದಾಟಿಸಿದೆ. ಬೆಳಕು ಇರುವಾಗಲೇ ನೀರು ಒಂದು ಗೇಣು ಇಳಿಯಿತು, ಸೋರುವ ನೀರಿನ ಬಣ್ಣ ತಿಳಿಯಾಯಿತು. ಏರಿ ನಿಂತಿತು. ಲೇಔಟಿನ ಯಾವ ಮನೆಗೂ ನೀರು ನುಗ್ಗಲಿಲ್ಲ, ಆ ಒಂದನ್ನು ಬಿಟ್ಟು.

ಮೂರನೆಯ ದಿನ ಆ ಎಳೆಯ ಇಂಜಿನಿಯರ್ ಏರಿ ಒಡೆಯದಿದ್ದರೂ ಮಾತಿಗೆ ತಪ್ಪದೆ ಇನ್‌ಸ್ಪೆಕ್ಷನ್‌ಗೆ ಬಂದರು. ವಾರದೊಳಗೆ ನನಗೆ ನೋಟಿಸು ಬಂತು: ತಮ್ಮ ಮಾಲೀಕತ್ವದ ಅಪಾಯಕಾರಿ ರಚನೆಯಿಂದ ಏಕಾಏಕಿ ನೀರು ಹೊರಬಿಟ್ಟ ಬಗ್ಗೆ ವಿವರಣೆ ಕೊಡುವುದು. ಅಧ್ಯಕ್ಷರು ನೆಲಮಾಳಿಗೆಯಲ್ಲಿ ಮುಳುಗಿದ ಕಾರಿನ ವಿಷಯವಾಗಿ ವಕೀಲರಿಂದ ಒಂದು ಪತ್ರ ಬರೆಸಿದರು. ಅದೇ ತಿಂಗಳು ಲೇಔಟಿನಲ್ಲಿ ಏರಿ ಸಂರಕ್ಷಣಾ ಸಮಿತಿ ಹುಟ್ಟಿತು, ಅವರೇ ಅಧ್ಯಕ್ಷರಾದರು. ಉದ್ಘಾಟನೆಯ ದಿನ ಅವರಿಗೆ ಶಾಲು ಹೊದಿಸಿದರು. ಭಾಷಣದಲ್ಲಿ ಅವರು "ಸಮಯಪ್ರಜ್ಞೆಯಿಂದ ನಾವು ಕೈಗೊಂಡ ನಿರ್ಧಾರ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲಿನಮ್ಮನನ್ನು ಕರೆದಿರಲಿಲ್ಲ. ಅಂದಿನ ಪಾಯಸದ ಹಾಲು ಮಾತ್ರ ಅವಳದ್ದು.

ಸರ್ವೆಯವರು ಕೊನೆಗೂ ಬಂದು ಸರಪಳಿ ಹಿಡಿದು ಅಳೆದರು. ಕೋಡಿ ಪೂರ್ತಿ ನನ್ನದು, ತಗ್ಗಿನ ಮುಕ್ಕಾಲು ಭಾಗವೂ ನನ್ನದು. ಟಿಪ್ಪರ್‌ಗಳು ನಿಂತವು. ಸುರಿದದ್ದು ಇನ್ನೂ ಅಲ್ಲೇ ಬಿದ್ದಿದೆ. ಅಣ್ಣ ಮಾತು ಬಿಟ್ಟ. ಮದುವೆಯಾದಾಗಿನಿಂದ ಪ್ರತಿ ವರ್ಷ ತವರಿನಿಂದ ಬರುತ್ತಿದ್ದ ಗೌರಿ ಹಬ್ಬದ ಬಾಗಿನ ಈ ವರ್ಷ ಬರಲಿಲ್ಲ. ಬಾರದಿದ್ದರೆ ಹೋಗಲಿ ಎಂದೆ ಯಜಮಾನರ ಮುಂದೆ. ಆದರೂ ಅಂದು ಸಂಜೆಯವರೆಗೆ ಗೇಟಿನ ಸದ್ದಿಗೆಲ್ಲ ಎದ್ದು ನೋಡಿದೆ.

ನೋಟಿಸಿನ ವಿಚಾರಣೆಗೆ ಹೋದಾಗ ಹಿರಿಯ ಅಧಿಕಾರಿಯೊಬ್ಬರು ನನ್ನ ಉತ್ತರ ಓದಿ, ಕನ್ನಡಕ ತೆಗೆದು, "ಅಮ್ಮಾ, ಯಾಕೆ ನಿಮಗೆ ಈ ತಾಪತ್ರಯ? ಸರ್ಕಾರಕ್ಕೆ ಬಿಟ್ಟುಕೊಡಿ. ನಾವು ಅದನ್ನ ಡೆವಲಪ್ ಮಾಡ್ತೀವಿ," ಎಂದರು.

"ಏನು ಡೆವಲಪ್ ಮಾಡ್ತೀರಾ ಸಾರ್?"

"ಮೇಲೆ ಟೈಲ್ಸ್ ಹಾಕಿ, ದೀಪ, ಬೆಂಚು, ಗಿಡಗಳು..."

"ಅದು ನಮ್ಮಪ್ಪ ಕಟ್ಟಿಸಿದ್ದು. ಕೊಡಲ್ಲ," ಎಂದೆ. ಮೇಜಿನ ಮೇಲೆ ಕೈ ಬಡಿದು ಹೇಳಿದೆ. ದನಿ ನನ್ನದಲ್ಲ, ಅಣ್ಣನದು.

ಭಾನುವಾರ ಹಾಲಿನಮ್ಮನಿಗೆ ಈ ಕಥೆ ಹೇಳಿದೆ, ಹೊಗಳುತ್ತಾಳೆ ಎಂದುಕೊಂಡು. ಅವಳು ಹುಲ್ಲಿನ ಕಟ್ಟು ಬಿಗಿಯುತ್ತ, "ನಂಗೂ ಕೈಲಾಗಕಿಲ್ಲ, ನಿಂಗೂ ವಯಸ್ಸಾತು. ಆಮ್ಯಾಕೆ ಇದ್ನ ಯಾರವ್ವ ನೋಡ್ಕಳಾದು?" ಎಂದಳು.

ಕಟ್ಟನ್ನು ಅವಳ ತಲೆಗೆ ಎತ್ತಿಕೊಟ್ಟೆ. ಹಸುಗಳು ಮುಂದೆ ಹೋದವು, ಅವಳು ಅವುಗಳ ಹಿಂದೆ ಇಳಿದಳು. ನಾನು ಕೆಳಪಕ್ಕದ ಬುಡಕ್ಕಿಳಿದು ಬಿಲಗಳನ್ನು ಹುಡುಕತೊಡಗಿದೆ.